ಮೇಷ್ಟ್ರ ಸಂಬಳಕ್ಕೊಂದು ರೇಡಿಯೋ

ಸಾಲೊಮನ್ ದ್ವೀಪಗಳಲ್ಲಿ ಏನು ಮಾಡುತ್ತಿದ್ದೆ ಅಂತ ಯಾರಾದರೂ ಕೇಳಿದರೆ, ‘ಶಾಲೆಗಳಿಗೆ ಇಮೇಲ್ ಹಾಕಿಸುತ್ತಿದ್ದೆ’ ಎನ್ನುತ್ತೇನೆ. ಕೇಳಿದವರ ಕಣ್ಣಿಗೆ ಸಾಲಾಗಿ ಕೂತ ಮಕ್ಕಳು, ಅವರ ಮುಂದೆ ಹೊಳೆಯುವ ಕಂಪ್ಯೂಟರ್‌ಗಳು ಬಂದುಬಿಡುತ್ತವೆ. ಅಂಥದ್ದೇನೂ ಇರಲಿಲ್ಲ. ಇದ್ದದ್ದು ಒಂದು ಹಳೇ ಲ್ಯಾಪ್‌ಟಾಪ್, ಒಂದು ರೇಡಿಯೋ ಸೆಟ್, ಎರಡು ಬ್ಯಾಟರಿ, ಮಾಡಿನ ಮೇಲೆ ಸೋಲಾರ್ ಪ್ಯಾನೆಲ್, ತೆಂಗಿನ ಮರಗಳ ನಡುವೆ ಎಳೆದು ಕಟ್ಟಿದ ತಾಮ್ರದ ತಂತಿ. ಮಕ್ಕಳು ಅದನ್ನು ಮುಟ್ಟಿದ್ದೇ ಕಡಿಮೆ. ಆದರೂ ಅದರಿಂದ ಶಾಲೆಗೆ ಆದ ಉಪಕಾರ ಸಣ್ಣದಲ್ಲ. ಹೇಗೆ ಅಂತ ಹೇಳೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಆಸ್ಟ್ರೇಲಿಯಾದ ಈಶಾನ್ಯಕ್ಕೆ, ದೊಡ್ಡವು ಸಣ್ಣವು ಸೇರಿ ಸಾವಿರದ ಹತ್ತಿರ ದ್ವೀಪಗಳಿರುವ ದೇಶ ಅದು. 1999ರ ಜನಗಣತಿಯಲ್ಲಿ ಜನಸಂಖ್ಯೆ 4 ಲಕ್ಷದ 9 ಸಾವಿರ. ಭಾಷೆಗಳು 70ರ ಆಸುಪಾಸು. ಬೇರೆ ಬೇರೆ ಭಾಷೆಯವರು ಮಾತಾಡಿಕೊಳ್ಳುವುದು ಪಿಜಿನ್ ಎಂಬ, ಇಂಗ್ಲಿಷಿನಿಂದ ಹುಟ್ಟಿದ ಮಿಶ್ರಭಾಷೆಯಲ್ಲಿ. ರಾಜಧಾನಿ ಹೊನಿಯಾರಾ ಇರುವುದು ಗ್ವಾಡಲ್‌ಕನಾಲ್ ದ್ವೀಪದ ಉತ್ತರ ದಂಡೆಯಲ್ಲಿ. ಪಕ್ಕದ ಮಲೈಟಾ ದ್ವೀಪದಿಂದ ಕೆಲಸ ಹುಡುಕಿಕೊಂಡು ಬಂದು ನೆಲೆಸಿದವರಿಗೂ ಗ್ವಾಡಲ್‌ಕನಾಲ್‌ನವರಿಗೂ ಜಮೀನು, ಕೆಲಸದ ವಿಚಾರಕ್ಕೆ ಮೊದಲಿಂದಲೂ ಮುನಿಸಿತ್ತು. 1998ರ ಕೊನೆಗೆ ಅದು ಬಂದೂಕಿಗೆ ತಿರುಗಿತು. ಮಲೈಟಾದ 20 ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. 2000ನೇ ಇಸವಿ ಜೂನ್ 5ರಂದು ಮಲೈಟಾದವರ ಸಶಸ್ತ್ರ ಗುಂಪು ಮಲೈಟಾ ಈಗಲ್ ಫೋರ್ಸ್ ಪ್ರಧಾನಿಯನ್ನೇ ಹಿಡಿದಿಟ್ಟುಕೊಂಡಿತು. ಆ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ಶಾಂತಿ ಒಪ್ಪಂದ ಆಯಿತು. ಕಾಗದದ ಮೇಲೆ ಆಯಿತು ಅಷ್ಟೇ. ಬಂದೂಕುಗಳು ಕೆಳಗಿಳಿದದ್ದು 2003ರ ಜುಲೈ 24ರಂದು ಆಸ್ಟ್ರೇಲಿಯಾ ಮುಂದಾಳತ್ವದ ರಾಮ್ಸಿ ಪಡೆ ಬಂದ ಮೇಲೆ. ಅಲ್ಲಿನವರು ಆ ವರ್ಷಗಳನ್ನು ಟೆನ್ಷನ್ ಅಂತಲೇ ಕರೆಯುತ್ತಾರೆ.

ನಾನು ಹೋದದ್ದು ರಾಮ್ಸಿ ಬಂದು ಒಂದು ವರ್ಷದ ನಂತರ. ಊರು ತೀರ್ಥಹಳ್ಳಿ ಕಡೆ, ಅಪ್ಪ ಅಡಿಕೆ ಬೆಳೆಗಾರರು. ನಾನು ಮಂಗಳೂರಿನಲ್ಲಿ ಹಡಗುಗಳ ವೈರ್‌ಲೆಸ್ ಸೆಟ್ ರಿಪೇರಿ ಮಾಡಿಕೊಂಡಿದ್ದೆ. ಪೆಸಿಫಿಕ್‌ನಲ್ಲಿ ರೇಡಿಯೋ ಗೊತ್ತಿರುವ ಸ್ವಯಂಸೇವಕರು ಬೇಕು ಅಂದಾಗ ಅರ್ಜಿ ಹಾಕಿದೆ. ಸಂಬಳ ಕೈಖರ್ಚಿಗೆ ಸಾಲುವಷ್ಟು. ಅಮ್ಮನಿಗೆ ಒಂದೇ ಚಿಂತೆ, ಅಲ್ಲಿ ಅನ್ನ ಸಿಗುತ್ತಾ ಅಂತ. ಸಿಗುತ್ತಿತ್ತು, ಹಳ್ಳಿಗಳಲ್ಲಿ ಮಾತ್ರ ಗೆಣಸೇ ಜಾಸ್ತಿ. ಎಲೆ ಅಡಿಕೆ ಸುಣ್ಣವಂತೂ ಎಲ್ಲೆಲ್ಲೂ ಇತ್ತು. ಸುಣ್ಣ ಮಾತ್ರ ಹವಳವನ್ನು ಸುಟ್ಟು ಮಾಡಿದ್ದು. ಹಸಿ ಅಡಿಕೆ ಅಗಿಯೋಕೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಹಳ್ಳಿಗಳಲ್ಲಿ ನನ್ನನ್ನು ಬೇಗ ಒಳಗೆ ಬಿಟ್ಟುಕೊಂಡರು.

ನನಗೆ ಬಿದ್ದ ಊರು ವೆದರ್ ಕೋಸ್ಟ್‌ನಲ್ಲಿ. ಗ್ವಾಡಲ್‌ಕನಾಲ್‌ನ ದಕ್ಷಿಣ ದಂಡೆಗೆ ಆ ಹೆಸರು. ಏಪ್ರಿಲ್‌ನಿಂದ ಆಗ್ನೇಯದ ಗಾಳಿ ತಿಂಗಳುಗಟ್ಟಲೆ ಬೀಸುತ್ತದೆ, ಮಳೆ ತಂದು ಸುರಿಯುತ್ತದೆ. ಆಗುಂಬೆ ಮಳೆ ನೋಡಿದ ನನಗೂ ಸಾಕು ಸಾಕಾಯಿತು. ಹೊನಿಯಾರಾಕ್ಕೆ ನೇರ ಗೆರೆ ಎಳೆದರೆ 50-60 ಕಿಲೋಮೀಟರ್ ಅಷ್ಟೇ. ಆದರೆ ಮಧ್ಯದಲ್ಲಿ 2,300 ಮೀಟರಿಗೂ ಎತ್ತರದ ಬೆಟ್ಟಸಾಲು. ಆಗ ರಸ್ತೆ ಇಲ್ಲ, ಬಂದರಿಲ್ಲ, ಫೋನಿಲ್ಲ. ಔಟ್‌ಬೋರ್ಡ್ ಮೋಟಾರ್ ಕಟ್ಟಿದ ಫೈಬರ್ ದೋಣಿಯಲ್ಲಿ ದ್ವೀಪದ ತುದಿ ಸುತ್ತಿ ಬರಬೇಕು. ಕೊನೆಗೆ ಅಲೆ ಒಡೆಯುವ ಜಾಗದಲ್ಲಿ ಸಮಯ ನೋಡಿ ದಡಕ್ಕೆ ನುಗ್ಗಿಸಬೇಕು.

ಯುದ್ಧದ ಕೊನೆಯ ಹಂತದಲ್ಲಿ ಈ ದಂಡೆ ಅನುಭವಿಸಿದ್ದು ಬಹಳ. ಹೆರಾಲ್ಡ್ ಕೆಕೆ ಎಂಬ ಬಂಡುಕೋರ ನಾಯಕ ಇಲ್ಲೇ ಇದ್ದ. ಅವನ ಗುಂಪು ಒಂದು ಕಡೆ, ಅವನನ್ನು ಹಿಡಿಯಲು ಬಂದವರು ಇನ್ನೊಂದು ಕಡೆ, ಎರಡೂ ಕಡೆಯಿಂದ ಊರುಗಳು ಸುಟ್ಟವು. ಜನ ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಹೋದರು. ಶಾಲೆಗಳು ಮುಚ್ಚಿದವು. ಮೆಲನೇಷಿಯನ್ ಬ್ರದರ್‌ಹುಡ್ ಅಂತ ಅಲ್ಲಿನ ಆಂಗ್ಲಿಕನ್ ಸನ್ಯಾಸಿಗಳ ಸಂಘವಿದೆ. ಒಪ್ಪಂದದ ನಂತರ ಬಂದೂಕುಗಳನ್ನು ಜನರಿಂದ ಬೇಡಿ ತಂದು ಸಮುದ್ರಕ್ಕೆ ಹಾಕುತ್ತಿದ್ದವರು ಇವರು. 2003ರಲ್ಲಿ ಅವರಲ್ಲಿ ಏಳು ಜನ ಈ ದಂಡೆಯಲ್ಲಿ ಕೊಲೆಯಾದರು. ಆರು ಜನ ಸತ್ತದ್ದು ಏಪ್ರಿಲ್‌ನಲ್ಲಿ. ಅವರು ಸತ್ತಿದ್ದಾರೆ ಅಂತ ಹೊನಿಯಾರಾಕ್ಕೆ ಖಚಿತವಾಗಿ ಗೊತ್ತಾದದ್ದು ಆಗಸ್ಟ್‌ನಲ್ಲಿ. ಬೆಟ್ಟದ ಆ ಕಡೆ ಹೋದವರು ಬದುಕಿದ್ದಾರೋ ಇಲ್ಲವೋ ತಿಳಿಯಲು ಮೂರು ತಿಂಗಳಿಗೂ ಹೆಚ್ಚು ಬೇಕಾಯಿತು. ಸಂಪರ್ಕ ಇಲ್ಲ ಎಂದರೆ ಏನು ಅಂತ ಅಲ್ಲಿಯವರಿಗೆ ನಾನು ಹೇಳಿಕೊಡಬೇಕಿರಲಿಲ್ಲ.

ಪೂರ್ತಿ ಏನೂ ಇರಲಿಲ್ಲ ಅಂತಲ್ಲ. ಸರ್ಕಾರಿ ರೇಡಿಯೋ ಎಸ್‌ಐಬಿಸಿ ಶಾರ್ಟ್‌ವೇವ್‌ನಲ್ಲಿ, 5020 ಕಿಲೋಹರ್ಟ್ಸ್‌ನಲ್ಲಿ ಸಿಗುತ್ತಿತ್ತು. ದಿನವೂ ಸರ್ವಿಸ್ ಮೆಸೇಜ್ ಅಂತ ಓದುತ್ತಿದ್ದರು. ಇಂಥವರ ಅಜ್ಜಿ ತೀರಿಕೊಂಡರು, ಇಂಥ ಹಡಗು ಶುಕ್ರವಾರದ ಬದಲು ಸೋಮವಾರ ಬರುತ್ತದೆ, ಇಂಥ ಶಾಲೆಯ ಮೇಷ್ಟ್ರು ಕೂಡಲೇ ಕಚೇರಿಗೆ ಬರಬೇಕು. ಇಡೀ ದೇಶ ಕಿವಿಗೊಟ್ಟು ಕೇಳುತ್ತಿತ್ತು. ಅಲ್ಲಿಂದ ಇಲ್ಲಿಗೆ ಮಾತು ಬರುತ್ತಿತ್ತು, ಇಲ್ಲಿಂದ ಹೋಗುವುದು ಹೇಗೆ? ಆಸ್ಪತ್ರೆಗಳಲ್ಲಿ ಮಾತಾಡುವ ರೇಡಿಯೋ ಕೆಲವಿದ್ದವು. ಎಷ್ಟೋ ಸೆಟ್‌ಗಳು ಟೆನ್ಷನ್‌ನಲ್ಲಿ ಲೂಟಿಯಾಗಿದ್ದವು. ಉಳಿದವುಗಳಲ್ಲಿ ಮಾತಾಡಿದರೆ ಅದೇ ಫ್ರೀಕ್ವೆನ್ಸಿಯಲ್ಲಿ ಇರುವ ಎಲ್ಲರಿಗೂ ಕೇಳಿಸುತ್ತದೆ. ಜಗಳ ಮುಗಿದು ವರ್ಷವಷ್ಟೇ ಆದ ಊರಲ್ಲಿ ಅದು ಸಣ್ಣ ವಿಷಯ ಅಲ್ಲ.

ಈ ಕೊರತೆ ತುಂಬಲು ಬಂದದ್ದು ಪೀಪಲ್ ಫಸ್ಟ್ ನೆಟ್‌ವರ್ಕ್, ಚಿಕ್ಕದಾಗಿ ಪಿಎಫ್‌ನೆಟ್. ಅಲ್ಲಿಯದೇ ಗ್ರಾಮೀಣ ಸ್ವಯಂಸೇವಕರ ಸಂಘ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಯುಎನ್‌ಡಿಪಿಯ ನೆರವಿನಿಂದ 2001ರಲ್ಲಿ, ಇನ್ನೂ ಗುಂಡಿನ ಸದ್ದು ನಿಲ್ಲದ ಹೊತ್ತಲ್ಲೇ ಶುರು ಮಾಡಿದ್ದು. ಹಳ್ಳಿಯಲ್ಲಿ ಒಂದು ಎಚ್‌ಎಫ್ (ಅಂದರೆ ಶಾರ್ಟ್‌ವೇವ್) ರೇಡಿಯೋ, ಮೋಡೆಮ್, ಲ್ಯಾಪ್‌ಟಾಪ್. ಬರೆದ ಪತ್ರವನ್ನು ಮೋಡೆಮ್ ಸದ್ದಾಗಿ ಮಾಡುತ್ತದೆ, ರೇಡಿಯೋ ಅದನ್ನು ಆಕಾಶಕ್ಕೆ ಕಳಿಸುತ್ತದೆ, ಹೊನಿಯಾರಾದ ಮುಖ್ಯ ಕೇಂದ್ರ ಹಿಡಿದು ಇಂಟರ್ನೆಟ್‌ಗೆ ಹಾಕುತ್ತದೆ. ಹೊನಿಯಾರಾದಲ್ಲೇ ಒಂದು ಇಂಟರ್ನೆಟ್ ಕೆಫೆ ನಡೆಸಿ, ಅದರ ಗಳಿಕೆಯಿಂದ ಹಳ್ಳಿ ಕೇಂದ್ರಗಳ ಖರ್ಚಿಗೆ ಒಂದಿಷ್ಟು ಹೊಂದಿಸುತ್ತಿದ್ದರು. ಪಟ್ಟಣದವರ ದುಡ್ಡಿನಲ್ಲಿ ಹಳ್ಳಿಯವರ ಅಂಚೆ. ನನಗೆ ಆ ಲೆಕ್ಕ ತುಂಬ ಹಿಡಿಸಿತು.

ರೇಡಿಯೋ ತೆಗೆದುಕೊಂಡು ಹೋಗಿ ಕೂರಿಸಿದರೆ ಆಯಿತು ಅಂದುಕೊಂಡಿದ್ದೆ. ಹಾಗಲ್ಲ. ಮೊದಲು ಊರಿನವರು ಕೇಳಬೇಕು. ಸಮಿತಿ ಮಾಡಬೇಕು, ಕೋಣೆ ಕೊಡಬೇಕು, ನಡೆಸುವವರನ್ನು ಆರಿಸಬೇಕು. ಅದಕ್ಕೆ ಸೇರಿದ ಸಭೆಗಳಲ್ಲಿ ನಾನು ಬಹಳ ಹೊತ್ತು ಸುಮ್ನೆ ಕೂತಿದ್ದೇನೆ. ಎಲ್ಲಿ ಇಡುವುದು ಎಂಬುದೇ ದೊಡ್ಡ ಚರ್ಚೆ. ಚರ್ಚ್‌ನಲ್ಲಿ ಇಟ್ಟರೆ ಬೇರೆ ಪಂಗಡದವರು ಬರುವುದಿಲ್ಲ. ಮುಖ್ಯಸ್ಥನ ಮನೆಯಲ್ಲಿ ಇಟ್ಟರೆ ಅವನ ಕುಲದವರದ್ದಾಗಿಬಿಡುತ್ತದೆ. ಕೊನೆಗೆ ಶಾಲೆಯ ಪಕ್ಕದ ಕೋಣೆ ಅಂತಾಯಿತು. ಸುಟ್ಟ ಮೇಲೆ ಊರಿನವರು ಮತ್ತೆ ಕಟ್ಟಿದ ಮೊದಲ ಕಟ್ಟಡ ಶಾಲೆಯೇ. ಸಾಗೋ ತಾಳೆ ಗರಿಯ ಮಾಡು, ಬಿದಿರಿನ ಗೋಡೆ.

ಯಾರು ನಡೆಸಬೇಕು ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಒಬ್ಬ ಹುಡುಗನಿಗೆ ಕಂಪ್ಯೂಟರ್ ಸ್ವಲ್ಪ ಗೊತ್ತಿತ್ತು. ಅವನ ಚಿಕ್ಕಪ್ಪ ಟೆನ್ಷನ್‌ನಲ್ಲಿ ಬಂದೂಕು ಹಿಡಿದವನು. ಸಭೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಯಾರೂ ಹೂಂ ಅಂತಲೂ ಅನ್ನಲಿಲ್ಲ. ಅಂದು ಸಂಜೆ ಒಬ್ಬ ಮುದುಕ ನನ್ನನ್ನು ಅಡಿಕೆ ಹಾಕಲು ಕರೆದು ಹೇಳಿದ: ‘ಮಗಾ, ನನ್ನ ಪತ್ರ ನನ್ನ ಮಗಳಿಗೆ ಹೋಗೋದು. ಅದನ್ನು ಟೈಪ್ ಮಾಡುವವನು ಓದುತ್ತಾನಲ್ಲ. ಅವನು ಯಾರು ಅನ್ನೋದು ನನಗೆ ಮುಖ್ಯ.’ ಮರುದಿನ ಇಬ್ಬರನ್ನು ಆರಿಸಿದರು. ಒಬ್ಬಳು ಫಾರ್ಮ್ 3ರ (ನಮ್ಮ 9ನೇ ತರಗತಿ) ತನಕ ಓದಿದ್ದ ಹೆಣ್ಣುಮಗಳು, ಇನ್ನೊಬ್ಬರು ಶಾಲೆಯ ಅಡುಗೆ ನೋಡಿಕೊಳ್ಳುತ್ತಿದ್ದ ಮಧ್ಯವಯಸ್ಸಿನ ಹೆಂಗಸು. ಆ ಹುಡುಗ ಆಂಟೆನಾ ಮರ ಹತ್ತುವ ಕೆಲಸಕ್ಕೆ ಬಂದ. ಯಾರಿಗೂ ಮುಜುಗರ ಆಗಲಿಲ್ಲ.

ಈಗ ತಂತಿಯ ವಿಷಯ. ರೇಡಿಯೋ ಕೆಲಸ ಮಾಡಿದವರಿಗೆ ಇದು ಇಷ್ಟವಾಗಬಹುದು, ಉಳಿದವರು ಒಂದು ಪ್ಯಾರಾ ಸಹಿಸಿಕೊಳ್ಳಿ. ಬೆಟ್ಟದ ಆಚೆಗೆ 50 ಕಿಲೋಮೀಟರ್ ಎಂಬುದು ರೇಡಿಯೋಗೆ ಪೇಚಿನ ದೂರ. ಪೊಲೀಸ್ ವಾಕಿಟಾಕಿಯ ವಿಎಚ್‌ಎಫ್ ಆದರೆ ಬೆಟ್ಟಕ್ಕೆ ಬಡಿದು ನಿಲ್ಲುತ್ತದೆ. ದೂರದೇಶಕ್ಕೆ ಹೋಗುವ ಶಾರ್ಟ್‌ವೇವ್ ಆದರೆ ತಲೆ ಮೇಲಿಂದ ಹಾರಿ ಇನ್ನೆಲ್ಲೋ ಇಳಿಯುತ್ತದೆ. ಉಪಾಯ ಏನೆಂದರೆ ಆಂಟೆನಾವನ್ನು ಎತ್ತರಕ್ಕೆ ಕಟ್ಟದೆ ತಗ್ಗಿನಲ್ಲೇ ಕಟ್ಟುವುದು. ಆಗ ಅಲೆಗಳು ನೇರ ಮೇಲಕ್ಕೆ ಹೋಗುತ್ತವೆ, ವಾತಾವರಣದ ಮೇಲಿರುವ ವಿದ್ಯುತ್ ಕಣಗಳ ಪದರ ಅಯಾನುಗೋಳಕ್ಕೆ ತಾಗಿ ಸುತ್ತಲಿನ ಕೆಲವು ನೂರು ಕಿಲೋಮೀಟರ್‌ಗೆ ಮಳೆ ಹನಿ ಹಾಗೆ ಉದುರುತ್ತವೆ. ಬೆಟ್ಟ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. 5 ಮೆಗಾಹರ್ಟ್ಸ್‌ಗೆ ತಂತಿಯ ಉದ್ದ 28 ಮೀಟರ್ ಚಿಲ್ಲರೆ. ಎರಡು ತೆಂಗಿನ ಮರ ಸಾಕು. ಹಗಲಿಗೆ ಒಂದು ಫ್ರೀಕ್ವೆನ್ಸಿ, ಕತ್ತಲಾದ ಮೇಲೆ ಇನ್ನೂ ಕೆಳಗಿನದು, ಏಕೆಂದರೆ ರಾತ್ರಿ ಅಯಾನುಗೋಳ ತೆಳುವಾಗುತ್ತದೆ. ಊರಿನ ಹುಡುಗರಿಗೆ ಟವರ್ ಬರುತ್ತದೆ ಅಂತ ಆಸೆ ಇತ್ತು. ಬಟ್ಟೆ ಒಣಹಾಕುವ ತಂತಿಯಂಥದ್ದನ್ನು ನೋಡಿ ಮುಖ ಸಣ್ಣ ಮಾಡಿಕೊಂಡರು.

ಸೋಲಾರ್ ಪ್ಯಾನೆಲ್‌ಗೆ ಅಲ್ಲಿ ಉತ್ತರ ದಿಕ್ಕು. ನಮ್ಮಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂರಿಸುತ್ತೇವೆ ಅಲ್ವಾ, ಸಮಭಾಜಕ ದಾಟಿದರೆ ತಿರುಗಾ ಮುರುಗಾ. ಆ ದಂಡೆಯಲ್ಲಿ ಬಿಸಿಲಿಗಿಂತ ಮೋಡ ಜಾಸ್ತಿ. ರೇಡಿಯೋ ಕೇಳುವಾಗ ಒಂದು ಆಂಪಿಯರ್ ಕೂಡ ಎಳೆಯುವುದಿಲ್ಲ, ಕಳಿಸುವಾಗ 20 ಆಂಪಿಯರ್ ಹತ್ತಿರ ಎಳೆಯುತ್ತದೆ. ಹಾಗಾಗಿ ಚಿಕ್ಕದಾಗಿ ಬರೆಯಿರಿ, ಬೇಗ ಕಳಿಸಿ ಎಂಬುದೇ ತರಬೇತಿಯ ಮೊದಲ ಪಾಠ. ಬ್ಯಾಟರಿಗಳನ್ನು ಆಸಿಡ್ ತುಂಬಿಸದೆ ದೋಣಿಯಲ್ಲಿ ತಂದೆವು. ಆಸಿಡ್ ಬೇರೆ ಕ್ಯಾನ್‌ನಲ್ಲಿ, ಸೆಟ್ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ದಡಕ್ಕೆ ನುಗ್ಗುವಾಗ ಒಂದು ಅಲೆ ಹಿಂದಿನಿಂದ ಬಂದು ಎಲ್ಲರನ್ನೂ ನೆನೆಸಿತು. ಡ್ರಮ್ ತೇಲಿತು. ದಡದಲ್ಲಿ ನಿಂತಿದ್ದ ಹೆಂಗಸರು ಸೊಂಟದುದ್ದ ನೀರಿಗಿಳಿದು ಮೊದಲು ಅದನ್ನು ಹಿಡಿದರು, ಆಮೇಲೆ ನನ್ನನ್ನು.

ಮೊದಲ ದಿನ ಸಂಪರ್ಕ ಸಿಕ್ಕಿದಾಗ ಕೋಣೆ ತುಂಬ ಜನ. ಮೋಡೆಮ್ ಕಿರ್ ಕಿರ್ ಅಂದಿತು, ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬಂದವು. ಚಪ್ಪಾಳೆ, ಪ್ರಾರ್ಥನೆ, ಭಾಷಣ ಎಲ್ಲ ಆಯಿತು. ಅದನ್ನು ಉದ್ದ ಬರೆಯುವ ಅಗತ್ಯವಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಮಾರನೇ ದಿನ ಬಂದ ಹೆಡ್‌ಮೇಷ್ಟ್ರ ಪತ್ರ.

ಅಲ್ಲಿ ಸರ್ಕಾರಿ ಸಂಬಳ ಹದಿನೈದು ದಿನಕ್ಕೊಮ್ಮೆ. ಟೆನ್ಷನ್ ಕಾಲದಲ್ಲಿ ಸರ್ಕಾರದ ಕೈ ಖಾಲಿಯಾಗಿ ಎಷ್ಟೋ ಸಲ ಬರಲೇ ಇಲ್ಲ. ನಂತರ ಬರತೊಡಗಿತು, ಆದರೆ ಬ್ಯಾಂಕ್ ಇರುವುದು ಹೊನಿಯಾರಾದಲ್ಲಿ. ಯಾರದೋ ಹೆಸರು ಪಟ್ಟಿಯಿಂದ ಬಿಟ್ಟುಹೋಗಿರುತ್ತದೆ, ಯಾರದೋ ವರ್ಗಾವಣೆ ದಾಖಲಾಗಿರುವುದಿಲ್ಲ. ಅದನ್ನು ಕೇಳೋಕೆ ಮೇಷ್ಟ್ರು ದೋಣಿ ಹತ್ತಬೇಕು. ಪೆಟ್ರೋಲ್‌ಗೆ ದುಡ್ಡು ಕೂಡಿಸಬೇಕು, ಗಾಳಿ ನಿಲ್ಲುವುದನ್ನು ಕಾಯಬೇಕು. ಹೋದ ಮೇಲೆ ಕಚೇರಿಯಲ್ಲಿ ‘ನಾಳೆ ಬನ್ನಿ’. ವಾಪಸ್ ದೋಣಿಗೆ ಮತ್ತೆ ಕಾಯಬೇಕು. ಅಷ್ಟು ವಾರ ತರಗತಿಗೆ ಬೀಗ. ಇಬ್ಬರು ಮೇಷ್ಟ್ರು ಒಟ್ಟಿಗೆ ಹೋದರೆ ಅರ್ಧ ಶಾಲೆಯೇ ಬಂದ್. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರುಗಳು ಇರುವುದಿಲ್ಲ ಅಂತ ವರದಿಗಳಲ್ಲಿ ಬರೆಯುತ್ತಾರೆ. ಓದಿದರೆ ಸೋಮಾರಿಗಳು ಅನ್ನಿಸುತ್ತದೆ. ನಮ್ಮ ಹೆಡ್‌ಮೇಷ್ಟ್ರು ಸುಟ್ಟ ಶಾಲೆಗೆ ತಾವೇ ಬಿದಿರು ಕಡಿದು ತಂದವರು.

ಅವರ ಪತ್ರ ನಾಲ್ಕು ಸಾಲು. ಮೂವರು ಶಿಕ್ಷಕರ ಹೆಸರು, ಪೇರೋಲ್ ನಂಬರ್, ಯಾವ ವಾರದ ಸಂಬಳ ಬಂದಿಲ್ಲ. ಉತ್ತರ ತಕ್ಷಣ ಬರಲಿಲ್ಲ. ಮತ್ತೆ ಕಳಿಸಿದರು. ಆ ಮೇಲೆ ಒಂದು ಉತ್ತರ ಬಂತು: ಇಬ್ಬರದು ಸರಿಯಾಗಿದೆ, ಮೂರನೆಯವರು ಇಂಥ ಕಾಗದ ಕಳಿಸಬೇಕು. ದೋಣಿ ಹತ್ತುವ ಕೆಲಸ ಮೂರರಿಂದ ಒಂದಕ್ಕೆ ಇಳಿಯಿತು. ಬ್ಯಾಂಕಿಗೆ ಹೋಗುವವರು ಮಿಕ್ಕವರ ಪಾಸ್‌ಬುಕ್ಕನ್ನೂ ಹಿಡಿದು ಹೋಗುವ ವ್ಯವಸ್ಥೆ ಅವರೇ ಮಾಡಿಕೊಂಡರು, ದುಡ್ಡು ಬಂದಿದೆ ಅಂತ ಮೊದಲೇ ಗೊತ್ತಾಗುತ್ತಿತ್ತಲ್ಲ. ದಾನಿಗಳಿಗೆ ಬರೆಯುವ ವರದಿಯಲ್ಲಿ ಇದನ್ನು ಶಿಕ್ಷಣ ಎಂಬ ತಲೆಬರಹದಡಿ ಹಾಕಿದೆ. ಮೇಲಿನವರು ತೆಗೆದು ಆಡಳಿತದ ಕೆಳಗೆ ಸೇರಿಸಿದರು. ಈಗಲೂ ನನಗೆ ಅದು ಶಿಕ್ಷಣವೇ.

ದೂರಶಿಕ್ಷಣವೂ ನಡೆಯಿತು. ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯ ಬಹಳ ಹಿಂದಿನಿಂದ ದ್ವೀಪಗಳಿಗೆ ಅಂಚೆಯಲ್ಲಿ ಪಾಠ ಕಳಿಸುತ್ತಿತ್ತು, ಹೊನಿಯಾರಾದಲ್ಲಿ ಅದರ ಕೇಂದ್ರವಿದೆ. ತರಬೇತಿ ಇಲ್ಲದೆ ಪಾಠ ಮಾಡುತ್ತಿದ್ದ ಒಬ್ಬ ಯುವ ಶಿಕ್ಷಕ ಅದಕ್ಕೆ ಸೇರಿದ್ದ. ಪುಸ್ತಕ ಹಡಗಿನಲ್ಲಿ ಬರುತ್ತಿತ್ತು. ಒಂದು ಲೆಕ್ಕ ಅರ್ಥವಾಗದಿದ್ದರೆ ಕೇಳಲು ಯಾರೂ ಇಲ್ಲ. ಇಮೇಲ್ ಬಂದ ಮೇಲೆ ಪ್ರಶ್ನೆ ಕಳಿಸಿದರೆ ಕೆಲವು ದಿನಕ್ಕೆ ಉತ್ತರ. ಇಷ್ಟೇ ವ್ಯತ್ಯಾಸ. ರಾತ್ರಿ ಲಾಟೀನು ಹಚ್ಚಿಕೊಂಡು ಕೂತು ಅಸೈನ್‌ಮೆಂಟ್ ಬರೆಯುತ್ತಿದ್ದ. ಎಷ್ಟೋ ಸಲ ಬಂದ ಉತ್ತರವನ್ನು ಆಪರೇಟರ್ ಹೆಣ್ಣುಮಗಳು ಕಾಗದದಲ್ಲಿ ಚೆಂದವಾಗಿ ನಕಲು ಮಾಡಿ ಕೊಡುತ್ತಿದ್ದಳು. ಹಾಗೆ ನಕಲು ಮಾಡುತ್ತಾ ಆಕೆಯೂ ಬೀಜಗಣಿತ ಕಲಿತಳು.

ಆಕೆ ಪುಶ್ ಔಟ್ ಆದವಳು. ಓದು ನಿಲ್ಲಿಸಿದವರನ್ನು ಅಲ್ಲಿ ಹಾಗೆ ಕರೆಯುತ್ತಾರೆ, ಬಿಟ್ಟವರು ಅನ್ನುವುದಿಲ್ಲ. ಆಗ 6ನೇ ತರಗತಿ ಮುಗಿದ ಮೇಲೆ ಒಂದು ಪರೀಕ್ಷೆ, ಫಾರ್ಮ್ 3ರಲ್ಲಿ ಇನ್ನೊಂದು. ಮುಂದಿನ ಹಂತದಲ್ಲಿ ಎಷ್ಟು ಸೀಟು ಇದೆಯೋ ಅಷ್ಟೇ ಮಕ್ಕಳು ಮುಂದೆ. ಪಾಸಾದರೂ ಸೀಟಿಲ್ಲ ಅಂದರೆ ಹೊರಗೆ. ಟೆನ್ಷನ್‌ನಲ್ಲಿ ಓಡಿಬಂದ ಮಕ್ಕಳು ತುಂಬಿ ಮಲೈಟಾದ ಶಾಲೆಗಳಲ್ಲಿ ಕೂರಲು ಜಾಗವಿರಲಿಲ್ಲ. ಈ ಕಡೆ ಶಾಲೆಯೇ ಇರಲಿಲ್ಲ. ಹದಿನಾರು ಹದಿನೇಳರ ಹುಡುಗರು ಮತ್ತೆ 5ನೇ ತರಗತಿಗೆ ಬಂದು ಕೂತದ್ದನ್ನು ನೋಡಿದ್ದೇನೆ. ಫಲಿತಾಂಶದ ಪಟ್ಟಿ ಇಮೇಲ್‌ನಲ್ಲಿ ಬಂದ ದಿನ, ಆಪರೇಟರ್ ಓದುವ ಮೊದಲು ಬಾಗಿಲು ಹಾಕಿಕೊಂಡಳು. ಸೀಟು ಸಿಗದ ಮಕ್ಕಳ ಮನೆಗೆ ಮೊದಲು ತಾನೇ ಹೋಗಿ ಹೇಳಿ ಬಂದಳು. ಆಮೇಲೆ ಪಟ್ಟಿ ಗೋಡೆಗೆ ಅಂಟಿಸಿದಳು. ಇದನ್ನು ನಾನು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಸಿಟ್ಟು ಬರುವ ಸಂಗತಿಗಳೂ ಇದ್ದವು. ಹೊನಿಯಾರಾದ ಒಂದು ಕಚೇರಿ ಪ್ರತಿ ಸುತ್ತೋಲೆಯನ್ನೂ ಬಣ್ಣದ ಲಾಂಛನ ಹಾಕಿದ ಅಟ್ಯಾಚ್‌ಮೆಂಟ್ ಮಾಡಿ ಕಳಿಸುತ್ತಿತ್ತು. ಒಳಗಿನ ವಿಷಯ ಎರಡು ಸಾಲು. ನಮ್ಮ ಸಂಪರ್ಕ ಹಳೇ ಡಯಲ್‌ಅಪ್ ಫೋನಿಗಿಂತ ಎಷ್ಟೋ ನಿಧಾನ, ಅಟ್ಯಾಚ್‌ಮೆಂಟ್ ಅದರಲ್ಲಿ ಹೋಗುವ ಮಾತೇ ಇಲ್ಲ. ಮುಖ್ಯ ಕೇಂದ್ರದವರು ಅದನ್ನು ಬಿಚ್ಚಿ, ಅಕ್ಷರ ಮಾತ್ರ ಎತ್ತಿ ಮತ್ತೆ ಕಳಿಸಬೇಕು. ಹಾಗೆ ಮಾಡಬೇಡಿ ಅಂತ ಬರೆದೆವು. ಸರಿ ಎಂಬ ಉತ್ತರ ಅಟ್ಯಾಚ್‌ಮೆಂಟ್‌ನಲ್ಲಿ ಬಂತು.

ಊರಲ್ಲಿ ಜಗಳ ಆದದ್ದು ಬ್ಯಾಟರಿಗೆ. ಶನಿವಾರ ರಾತ್ರಿ ಯಾರೋ ಯುವಕರು ವಿಡಿಯೋ ನೋಡಲು ಬ್ಯಾಟರಿ ಬಿಚ್ಚಿಕೊಂಡು ಹೋದರು. ‘ಬ್ಯಾಟ್ರಿ ಹೆಮ್ ಡಾಯ್’, ಬ್ಯಾಟರಿ ಸತ್ತಿದೆ, ಅಂತ ಬೆಳಿಗ್ಗೆ ಹುಡುಗ ಓಡಿ ಬಂದ. ಪೂರ್ತಿ ಖಾಲಿ ಮಾಡಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ. ಸಮಿತಿ ಸೇರಿತು. ಪೊಲೀಸು, ದಂಡ ಅಂತ ಏನೂ ಹೋಗಲಿಲ್ಲ. ಆ ಯುವಕರ ಮನೆಯವರು ಶಾಲೆಗೆ ಒಂದು ಹಂದಿ, ಗೆಣಸಿನ ಬುಟ್ಟಿಗಳನ್ನು ತಂದರು. ಎಲ್ಲರೂ ಕೂತು ಉಂಡರು. ತಪ್ಪಿಗೆ ಪರಿಹಾರ ಕೊಟ್ಟು ಮುಗಿಸುವುದು ಅಲ್ಲಿನ ಪದ್ಧತಿ. ದೊಡ್ಡ ಜಗಳಗಳಿಗೂ ಹೀಗೇ, ಚಿಪ್ಪಿನ ಹಣ, ಹಂದಿ. ಟೆನ್ಷನ್ ಕಾಲದಲ್ಲಿ ಸರ್ಕಾರವೇ ಪರಿಹಾರ ಅಂತ ನೋಟು ಹಂಚತೊಡಗಿ, ಬಂದೂಕು ತೋರಿಸಿದವರಿಗೆಲ್ಲ ಕೊಟ್ಟು ಖಜಾನೆ ಬರಿದಾಯಿತು. ಪದ್ಧತಿ ಕೆಟ್ಟದ್ದು ಅಂತ ಹೊರಗಿನವರು ಆಗ ಬರೆದರು. ನನಗೆ ಹಾಗನ್ನಿಸಲಿಲ್ಲ. ಆ ಊಟದ ನಂತರ ಬ್ಯಾಟರಿ ಮುಟ್ಟಲು ಯಾರೂ ಬರಲಿಲ್ಲ.

ನಾನು ಬಿಟ್ಟು ಬರುವ ಹೊತ್ತಿಗೆ ಯುರೋಪಿಯನ್ ಯೂನಿಯನ್ ನೆರವಿನಲ್ಲಿ ಪ್ರಾಂತ್ಯಗಳ ಕೆಲವು ಶಾಲೆಗಳಿಗೆ ಉಪಗ್ರಹದ ಡಿಶ್ ಬರುವ ಮಾತು ನಡೆದಿತ್ತು, ಮುಂದೆ ಬಂದವೂ ಕೂಡ. ವೇಗ ಬೇರೆಯೇ ಮಟ್ಟದ್ದು. ಆದರೆ ಡಿಶ್ ಕೆಟ್ಟರೆ ವಿಮಾನದಲ್ಲಿ ಯಾರೋ ಬರಬೇಕು. ತೆಂಗಿನ ಮರದ ತಂತಿ ತುಂಡಾದರೆ ಆ ಹುಡುಗ ಹತ್ತಿ ಬೆಸೆಯುತ್ತಿದ್ದ. 2010ರಲ್ಲಿ ದೇಶಕ್ಕೆ ಎರಡನೇ ಮೊಬೈಲ್ ಕಂಪನಿ ಬಂತು, ಟವರ್‌ಗಳು ಏಳತೊಡಗಿದವು. ಆಮೇಲೆ ಎಚ್‌ಎಫ್ ಇಮೇಲ್ ಯಾರಿಗೆ ಬೇಕು? ಆ ದೂರಶಿಕ್ಷಣದ ಶಿಕ್ಷಕ ಕೋರ್ಸ್ ಮುಗಿಸಿ ತರಬೇತಿ ಕಾಲೇಜಿಗೆ ಸೇರಿದ ಅಂತ ಹೆಡ್‌ಮೇಷ್ಟ್ರು ಬರೆದಿದ್ದರು. ಆಪರೇಟರ್ ಈಗ ಅದೇ ಊರಲ್ಲಿ ಅಂಗಡಿ ಇಟ್ಟಿದ್ದಾಳೆ, ಮೊಬೈಲ್‌ಗೆ ಟಾಪ್ ಅಪ್ ಮಾರುತ್ತಾಳೆ. ಹಳೇ ಸೋಲಾರ್ ಪ್ಯಾನೆಲ್ ಶಾಲೆಯ ದೀಪಕ್ಕೆ ಹೋಯಿತು. ರೇಡಿಯೋ ಸೆಟ್ಟನ್ನು ಊರಿನ ಚಿಕ್ಕ ಆಸ್ಪತ್ರೆಯವರು ತೆಗೆದುಕೊಂಡರಂತೆ. ಮಳೆಗಾಲದಲ್ಲಿ ಟವರ್ ಕೈಕೊಟ್ಟಾಗ ನರ್ಸ್ ಅದರಲ್ಲೇ ಹೊನಿಯಾರಾಕ್ಕೆ ಮಾತಾಡುತ್ತಾಳೆ.